ಪುಟ ಸ್ಕ್ರೋಲ್ ಆಗುತ್ತಿಲ್ಲವೇ? ಇನ್ನೂ ಏನೇನು ಅಲುಗಾಡುತ್ತಿದೆ ಅಂತ ಮೊದಲು ನೋಡಿ

ಬ್ರೌಸರ್ ಹ್ಯಾಂಗ್ ಆದ ತಕ್ಷಣ ನಮ್ಮ ಕೈ ಸುಮ್ನೆ ಇರುವುದಿಲ್ಲ. ಸಿಕ್ಕಲ್ಲೆಲ್ಲ ಕ್ಲಿಕ್ ಮಾಡುತ್ತೇವೆ, ಮೌಸ್ ವೀಲ್ ತಿರುಗಿಸುತ್ತಲೇ ಇರುತ್ತೇವೆ. ಆಗಲಿಲ್ಲ ಅಂದರೆ ಪವರ್ ಬಟನ್ ಒತ್ತಿ ಹಿಡಿಯುತ್ತೇವೆ. ಮರುದಿನವೂ ಹಾಗೇ ಆದರೆ, ಯಾರೋ ಹೇಳಿದರು ಅಂತ ಹಿಸ್ಟರಿ, ಕುಕಿ, ಕ್ಯಾಶ್ ಎಲ್ಲ ಅಳಿಸಿ, ಬ್ರೌಸರನ್ನೇ ಕಿತ್ತು ಮತ್ತೆ ಹಾಕುತ್ತೇವೆ. ಇಷ್ಟೆಲ್ಲ ಮಾಡಿದರೂ ಎಷ್ಟೋ ಸಲ ತೊಂದರೆ ಇದ್ದಲ್ಲೇ ಇರುತ್ತದೆ. ಎಲ್ಲ ಕಡೆ ಹೊಸದಾಗಿ ಲಾಗಿನ್ ಆಗುವ ಕೆಲಸ ಬೇರೆ ತಲೆ ಮೇಲೆ ಬೀಳುತ್ತದೆ.

ಇದಕ್ಕೆಲ್ಲ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಅರ್ಧ ನಿಮಿಷ ಮೌಸ್‌ನಿಂದ ಕೈ ತೆಗೆದು, ಏನು ನಿಂತಿದೆ, ಏನು ಇನ್ನೂ ನಡೆಯುತ್ತಿದೆ ಅಂತ ನೋಡಿ. ಪುಟ ಸ್ಕ್ರೋಲ್ ಆಗುತ್ತದೆ, ಆದರೆ ಲಿಂಕ್ ಒತ್ತಿದರೆ ಏನೂ ಆಗುತ್ತಿಲ್ಲವಾ? ಲಿಂಕ್, ಬಟನ್ ಎಲ್ಲ ಸರಿ, ಸ್ಕ್ರೋಲ್ ಮಾತ್ರ ಇಲ್ಲವಾ? ಒಂದು ಟ್ಯಾಬ್ ಮಾತ್ರ ಸತ್ತಿದೆಯಾ, ಇಡೀ ಬ್ರೌಸರಾ, ಅಥವಾ ಕಂಪ್ಯೂಟರೇ ತೆವಳುತ್ತಿದೆಯಾ? ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ. ಕಾರಣಗಳು ಮಾತ್ರ ಬೇರೆ ಬೇರೆ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ.

ಪುಟದ ಒಳಗೆ ನಡೆಯುವುದೇನು

ಒಂದು ವೆಬ್ ಪುಟದ ಬಹುಪಾಲು ಕೆಲಸ ಒಂದೇ ಸಾಲಿನಲ್ಲಿ ನಡೆಯುತ್ತದೆ. ಇದಕ್ಕೆ ಮೇನ್ ಥ್ರೆಡ್ ಅನ್ನುತ್ತಾರೆ. ಒಬ್ಬನೇ ಗುಮಾಸ್ತ ಕೂತಿರುವ ಕೌಂಟರ್ ಅಂದುಕೊಳ್ಳಿ. ಅಕ್ಷರ, ಚಿತ್ರ ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕುವುದು, ಸೈಟಿನ ಜಾವಾಸ್ಕ್ರಿಪ್ಟ್ (ಪುಟಕ್ಕೆ ಚಲನೆ ಕೊಡುವ ಪ್ರೋಗ್ರಾಮ್, ಚಿಕ್ಕದಾಗಿ ಸ್ಕ್ರಿಪ್ಟ್) ಓಡಿಸುವುದು, ನೀವು ಒತ್ತಿದ ಬಟನ್‌ಗೆ ಉತ್ತರ ಕೊಡುವುದು, ಎಲ್ಲವೂ ಅವನದೇ ಕೆಲಸ. ಒಂದು ಮುಗಿಯದೆ ಇನ್ನೊಂದನ್ನು ಅವನು ಮುಟ್ಟುವುದಿಲ್ಲ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಕಟ್ಟಿದಾಗ ಅದರ ಮೇಲಿದ್ದ ಹೊರೆ ಚಿಕ್ಕದು. ಫಾರ್ಮ್ ಸರಿಯಾಗಿ ತುಂಬಿದ್ದಾರಾ ಅಂತ ನೋಡುವಂಥ ಸಣ್ಣಪುಟ್ಟ ಕೆಲಸಗಳು. ಈಗ ಮೇಲ್, ಮ್ಯಾಪ್, ಲೆಕ್ಕದ ಶೀಟು, ವಿಡಿಯೋ ಎಡಿಟಿಂಗ್ ಎಲ್ಲ ಅದರ ಮೇಲೇ ಓಡುತ್ತಿವೆ.

ಸಾಮಾನ್ಯ ಸ್ಕ್ರೀನ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಅಂದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. 120 ಹರ್ಟ್ಜ್ ಫೋನ್‌ನಲ್ಲಿ ಅದು ಇನ್ನೂ ಕಡಿಮೆ, 8.3 ಮಿಲಿಸೆಕೆಂಡ್. ವೆಬ್ ಮಾನದಂಡಗಳ ಪ್ರಕಾರ 50 ಮಿಲಿಸೆಕೆಂಡ್ ದಾಟಿದ ಕೆಲಸವೇ ದೊಡ್ಡ ಕೆಲಸ. ಯಾವುದೋ ಸ್ಕ್ರಿಪ್ಟ್ ಎರಡು ಸೆಕೆಂಡ್ ಮೇನ್ ಥ್ರೆಡ್ ಹಿಡಿದುಕೊಂಡರೆ, ಅಷ್ಟು ಹೊತ್ತು ನೀವು ಏನು ಒತ್ತಿದರೂ ಅದು ಸಾಲಿನಲ್ಲಿ ಕಾಯಬೇಕು. ನೀವು ಸಿಟ್ಟಿನಲ್ಲಿ ಹತ್ತು ಸಲ ಒತ್ತಿದ್ದರೆ ಆ ಹತ್ತೂ ಸಾಲಿನಲ್ಲಿ ನಿಲ್ಲುತ್ತವೆ. ಆಮೇಲೆ ಒಂದೇ ಉಸಿರಿಗೆ ಜಾರಿಯಾಗುತ್ತವೆ. ಹ್ಯಾಂಗ್ ಬಿಟ್ಟ ಕೂಡಲೇ ಬೇಡದ ಪುಟಗಳೆಲ್ಲ ತೆರೆದುಕೊಳ್ಳುವುದು ಇದಕ್ಕೇ.

ಸ್ಕ್ರೋಲ್ ಮಾತ್ರ ಸ್ವಲ್ಪ ಬೇರೆ. ಸಾಲು ಎಷ್ಟೇ ಉದ್ದ ಇರಲಿ, ಪುಟ ಜಾರುವುದು ನಿಲ್ಲಬಾರದು ಅಂತ ಈಗಿನ ಬ್ರೌಸರ್‌ಗಳು ಅದನ್ನು ಪ್ರತ್ಯೇಕ ಥ್ರೆಡ್‌ಗೆ ಕೊಟ್ಟಿವೆ. ಪುಟವನ್ನು ಮೊದಲೇ ತುಂಡು ತುಂಡಾಗಿ ಬಣ್ಣ ತುಂಬಿ ಇಟ್ಟುಕೊಂಡು, ನೀವು ವೀಲ್ ತಿರುಗಿಸಿದಂತೆ ಆ ತುಂಡುಗಳನ್ನು ಮೇಲೆ ಕೆಳಗೆ ಸರಿಸುತ್ತವೆ. ಅದಕ್ಕೇ ಮೇನ್ ಥ್ರೆಡ್ ಪೂರ್ತಿ ಸಿಕ್ಕಿಕೊಂಡಿದ್ದರೂ ಪುಟ ಸ್ವಲ್ಪ ದೂರ ಸಲೀಸಾಗಿ ಜಾರುತ್ತದೆ. ಆಮೇಲೆ ತಯಾರಿದ್ದ ತುಂಡುಗಳು ಮುಗಿದು ಬರೀ ಬಿಳಿ ಕಾಣುತ್ತದೆ. ಈ ಲಕ್ಷಣ ಕಂಡರೆ ತಪ್ಪು ಎಲ್ಲಿದೆ ಅಂತ ಬಹುತೇಕ ಗೊತ್ತಾದಂತೆ. ಪುಟದ ಸ್ಕ್ರಿಪ್ಟ್ ಭಾರ ಜಾಸ್ತಿಯಾಗಿದೆ. ಕೆಲವು ಸೆಕೆಂಡ್ ಕಾಯುವುದೇ ಒಳ್ಳೆಯದು.

ಇನ್ನೊಂದು ಮಾತು. ಪುಟದಲ್ಲಿ ಲೋಡಿಂಗ್ ಚಕ್ರ ತಿರುಗುತ್ತಿದೆ ಅಂತ ಕೆಲಸ ನಡೆಯುತ್ತಿದೆ ಅಂದುಕೊಳ್ಳಬೇಡಿ. ಅಂಥ ಅನಿಮೇಷನ್‌ಗಳೂ ಎಷ್ಟೋ ಸಲ ಇದೇ ಎರಡನೇ ಥ್ರೆಡ್‌ನಲ್ಲಿ ಓಡುತ್ತವೆ. ಒಳಗೆ ಎಲ್ಲ ನಿಂತಿದ್ದರೂ ಚಕ್ರ ತಿರುಗುತ್ತಲೇ ಇರಬಹುದು.

ಸ್ಕ್ರೋಲನ್ನು ಪ್ರತ್ಯೇಕ ಮಾಡಿದರೂ ಒಂದು ತೊಡಕು ಉಳಿಯಿತು. ಮ್ಯಾಪ್ ಇರುವ ಪುಟದಲ್ಲಿ ಬೆರಳು ಎಳೆದರೆ ಪುಟ ಜಾರಬೇಕಾ, ಮ್ಯಾಪ್ ಸರಿಯಬೇಕಾ? ಇದನ್ನು ಹೇಳಬೇಕಾದ್ದು ಆ ಸೈಟಿನ ಸ್ಕ್ರಿಪ್ಟ್. ಹಾಗಾಗಿ ಬೆರಳಿನ ಚಲನೆಗೆ ಕಿವಿಗೊಟ್ಟು ಕೂತ ಸ್ಕ್ರಿಪ್ಟ್ ಇದ್ದರೆ, ಬ್ರೌಸರ್ ಅದರ ಅನುಮತಿಗೆ ಕಾಯಲೇಬೇಕಿತ್ತು. ಸ್ಕ್ರಿಪ್ಟ್ ಬೇರೆ ಕೆಲಸದಲ್ಲಿ ಮುಳುಗಿದ್ದರೆ ಸ್ಕ್ರೋಲ್ ಕೂಡ ನಿಂತಂತೆಯೇ. ಎಷ್ಟೋ ಸೈಟ್‌ಗಳು ಬರೀ ಓದುಗರ ಲೆಕ್ಕ ಇಡಲು ಹೀಗೆ ಕಿವಿಗೊಡುತ್ತಿದ್ದವು, ತಡೆಯುವ ಉದ್ದೇಶವೇ ಅವಕ್ಕೆ ಇರಲಿಲ್ಲ. ಕೊನೆಗೆ ಕ್ರೋಮ್ 2017ರಲ್ಲಿ ತನ್ನ 56ನೇ ಆವೃತ್ತಿಯಿಂದ, ಇಡೀ ಪುಟಕ್ಕೆ ಹಾಕಿದ ಇಂಥ ಟಚ್ ಕಾವಲುಗಳಿಗೆ ಕಾಯುವುದನ್ನು ಬಿಟ್ಟಿತು. 2019ರಲ್ಲಿ 73ನೇ ಆವೃತ್ತಿಯಿಂದ ಮೌಸ್ ವೀಲ್‌ಗೂ ಅದೇ ನಿಯಮ ಬಂತು. ಪುಟದೊಳಗಿನ ಚಿಕ್ಕ ಪೆಟ್ಟಿಗೆಗಳಿಗೆ ಹಾಕಿದ ಕಾವಲು ಮಾತ್ರ ಈಗಲೂ ಸ್ಕ್ರೋಲ್ ತಡೆಯಬಲ್ಲದು. ಮ್ಯಾಪ್ ಅಥವಾ ಜಾಹೀರಾತಿನ ಮೇಲೆ ಬೆರಳಿಟ್ಟಾಗ ಪುಟ ಅಲ್ಲಾಡದಿದ್ದರೆ ಒಂದಿಷ್ಟು ಪಕ್ಕಕ್ಕೆ, ಬರೀ ಅಕ್ಷರ ಇರುವ ಜಾಗದಲ್ಲಿ ಬೆರಳಿಟ್ಟು ನೋಡಿ.

ಎಲ್ಲ ಸರಿ, ಸ್ಕ್ರೋಲ್ ಮಾತ್ರ ಇಲ್ಲ

ಜನರನ್ನು ತುಂಬ ಸತಾಯಿಸುವುದು ಇದು. ಸ್ವಲ್ಪ ತಿಳಿದುಕೊಂಡರೆ ಬಿಡಿಸುವುದು ಸುಲಭವೂ ಹೌದು.

ಮೊದಲು ವೀಲ್ ಬಿಟ್ಟು ಕೀಬೋರ್ಡ್ ಹಿಡಿಯಿರಿ. ಪುಟದ ಖಾಲಿ ಜಾಗದಲ್ಲಿ ಒಂದು ಸಲ ಕ್ಲಿಕ್ ಮಾಡಿ, ಪೇಜ್ ಡೌನ್ ಒತ್ತಿ. ಪುಟ ಇಳಿದರೆ ಬ್ರೌಸರ್‌ನಲ್ಲಿ ತಪ್ಪಿಲ್ಲ, ಮೌಸ್ ಅಥವಾ ಟಚ್‌ಪ್ಯಾಡ್ ನೋಡಬೇಕು. ಬೇರೆ ಯಾವುದಾದರೂ ಪ್ರೋಗ್ರಾಮ್‌ನಲ್ಲೂ ವೀಲ್ ಕೆಲಸ ಮಾಡದಿದ್ದರೆ ಅನುಮಾನವೇ ಬೇಡ. ವೀಲ್ ತಿರುಗಿಸಿದಾಗ ಪುಟ ಇಳಿಯುವ ಬದಲು ಅಕ್ಷರ ದೊಡ್ಡದು ಚಿಕ್ಕದು ಆಗುತ್ತಿದ್ದರೆ ಕೀಬೋರ್ಡಿನ ಕಂಟ್ರೋಲ್ ಕೀ ಸಿಕ್ಕಿಕೊಂಡಿದೆ. ಬಾಣದ ಕೀ ಒತ್ತಿದಾಗ ಪುಟದ ನಡುವೆ ಒಂದು ಕರ್ಸರ್ ಓಡಾಡುತ್ತಿದ್ದರೆ ಎಫ್7 ಯಾವಾಗಲೋ ಒತ್ತಿಹೋಗಿದೆ. ಮತ್ತೆ ಎಫ್7 ಒತ್ತಿದರೆ ಸರಿಹೋಗುತ್ತದೆ.

ಕೀಬೋರ್ಡ್‌ಗೂ ಪುಟ ಜಗ್ಗದಿದ್ದರೆ ಬಲಗಡೆ ಅಂಚು ನೋಡಿ. ಸ್ಕ್ರೋಲ್ ಪಟ್ಟಿಯೇ ಮಾಯವಾಗಿದೆಯಾ? ಹಾಗಾದರೆ ಪುಟಕ್ಕೆ ಬೀಗ ಬಿದ್ದಿದೆ. ಇದು ಆಗುವುದು ಹೀಗೆ: ಕುಕಿಗೆ ಒಪ್ಪಿಗೆ ಕೇಳುವ ಪೆಟ್ಟಿಗೆಯೋ, ಚಂದಾದಾರರಾಗಿ ಅನ್ನುವ ಪೆಟ್ಟಿಗೆಯೋ ಎದುರಿಗೆ ಬಂದಾಗ ಹಿಂದಿನ ಪುಟ ಜಾರದಿರಲಿ ಅಂತ ಸೈಟ್ ತಾನೇ ಸ್ಕ್ರೋಲ್ ನಿಲ್ಲಿಸುತ್ತದೆ. ಪೆಟ್ಟಿಗೆ ಮುಚ್ಚಿದಾಗ ಬೀಗ ತೆಗೆಯಬೇಕು. ಜಾಹೀರಾತು ತಡೆಯಲು ನೀವು ಹಾಕಿಕೊಂಡ ಆಡ್ ಬ್ಲಾಕರ್ ಆ ಪೆಟ್ಟಿಗೆಯನ್ನೇ ಮರೆಮಾಡಿದ್ದರೆ ಮುಚ್ಚುವ ಬಟನ್ ನಿಮಗೆ ಕಾಣುವುದೇ ಇಲ್ಲ. ಪೆಟ್ಟಿಗೆ ಇಲ್ಲ, ಬೀಗ ಇದೆ.

ಬ್ಲಾಕರನ್ನು ಆ ಒಂದು ಸೈಟಿಗೆ ಮಾತ್ರ ನಿಲ್ಲಿಸಿ ಪುಟ ರೀಲೋಡ್ ಮಾಡಿ, ಪೆಟ್ಟಿಗೆಗೆ ಉತ್ತರ ಕೊಟ್ಟರೆ ಸಾಕು. ಬೀಗವನ್ನು ಕೈಯಾರೆ ತೆಗೆಯುವುದೂ ಕಷ್ಟವಿಲ್ಲ. ಎಫ್12 ಒತ್ತಿ. ಪಕ್ಕದಲ್ಲಿ ಪುಟದ ಕೋಡ್ ತೆರೆಯುತ್ತದೆ. ಮೇಲ್ಗಡೆ ‘ಬಾಡಿ’ ಅಂತ ಶುರುವಾಗುವ ಸಾಲನ್ನು ಕ್ಲಿಕ್ ಮಾಡಿ. ಸ್ಟೈಲ್ಸ್ ಅನ್ನುವ ಭಾಗದಲ್ಲಿ ‘ಓವರ್‌ಫ್ಲೋ: ಹಿಡನ್’ ಅಂತ ಬರೆದಿರುತ್ತದೆ. ಅದರ ಮೇಲೆ ಮೌಸ್ ತಂದರೆ ಎಡಗಡೆ ಟಿಕ್ ಗುರುತು ಕಾಣುತ್ತದೆ. ಟಿಕ್ ತೆಗೆದ ಕ್ಷಣಕ್ಕೆ ಬಲಗಡೆ ಸ್ಕ್ರೋಲ್ ಪಟ್ಟಿ ವಾಪಸ್ ಬರುತ್ತದೆ. ಅಲ್ಲಿ ಸಿಗದಿದ್ದರೆ ಅದರ ಮೇಲಿನ ‘ಎಚ್‌ಟಿಎಂಎಲ್’ ಸಾಲಿನಲ್ಲಿ ಹುಡುಕಿ. ಕೆಲವು ಸೈಟ್‌ಗಳು ‘ಪೊಸಿಷನ್: ಫಿಕ್ಸ್ಡ್’ ಅಂತಲೂ ಹಾಕಿರುತ್ತವೆ, ಅದರ ಟಿಕ್ಕೂ ತೆಗೆಯಬೇಕು. ಇದರಿಂದ ಸೈಟಿಗೆ ಏನೂ ಆಗುವುದಿಲ್ಲ. ಬದಲಾವಣೆ ನಿಮ್ಮ ಸ್ಕ್ರೀನಿನಲ್ಲಿ ಮಾತ್ರ, ರೀಲೋಡ್ ಮಾಡಿದರೆ ಅಳಿಸಿಹೋಗುತ್ತದೆ. ಇದೆಲ್ಲ ಬೇಡ, ಸುದ್ದಿ ಓದಿದರೆ ಸಾಕು ಅನ್ನುವವರಿಗೆ ವಿಂಡೋಸ್‌ನ ಫೈರ್‌ಫಾಕ್ಸ್‌ನಲ್ಲಿ ಎಫ್9 ಒತ್ತಿದರೆ ರೀಡರ್ ವ್ಯೂ ಬರುತ್ತದೆ. ಅಕ್ಷರ, ಚಿತ್ರ ಬಿಟ್ಟು ಉಳಿದದ್ದೆಲ್ಲ ಹೋಗಿರುತ್ತದೆ.

ಒಂದು ಟ್ಯಾಬ್ ಮಾತ್ರ ಸತ್ತಿದ್ದರೆ

2008ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಬಂದಾಗ ಅದರ ದೊಡ್ಡ ಹೊಸತನ ಇದೇ ಆಗಿತ್ತು. ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಾಗಿ, ಅಂದರೆ ಒಂದಕ್ಕೊಂದು ಅಂಟದ ಪ್ರತ್ಯೇಕ ಪ್ರೋಗ್ರಾಮ್‌ಗಳಂತೆ ಓಡಿಸುವುದು. ಅಲ್ಲಿಯವರೆಗೆ ಒಂದು ಕೆಟ್ಟ ಪುಟ ಇಡೀ ಬ್ರೌಸರನ್ನು ಮುಳುಗಿಸುತ್ತಿತ್ತು. ಫೈರ್‌ಫಾಕ್ಸ್ ಕೂಡ 2016ರಿಂದ ಪುಟಗಳನ್ನು ಬ್ರೌಸರ್‌ನಿಂದ ಬೇರ್ಪಡಿಸಿತು. 2018ರಲ್ಲಿ, ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ದೋಷ ಬಯಲಾದ ಮೇಲೆ, ಕ್ರೋಮ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಒಂದೇ ಪುಟದೊಳಗೆ ಬರುವ ಬೇರೆ ಸೈಟಿನ ತುಣುಕುಗಳನ್ನೂ ಪ್ರತ್ಯೇಕ ಮಾಡಿತು.

ಇದರ ಲಾಭ ನಮಗೆ ಕಾಣುವುದು ಕ್ರೋಮ್‌ನ ಸ್ವಂತ ಟಾಸ್ಕ್ ಮ್ಯಾನೇಜರ್‌ನಲ್ಲಿ. ವಿಂಡೋಸ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ಒಂದೊಂದು ಟ್ಯಾಬ್, ಒಂದೊಂದು ಎಕ್ಸ್‌ಟೆನ್ಶನ್ (ಆಡ್ ಬ್ಲಾಕರ್‌ನಂತೆ ಬ್ರೌಸರ್‌ಗೆ ಸೇರಿಸಿಕೊಂಡ ಸಣ್ಣ ಪ್ರೋಗ್ರಾಮ್) ಎಷ್ಟು ಮೆಮೊರಿ, ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ಸಾಲು ಸಾಲಾಗಿ ಇರುತ್ತದೆ. ಸಿಪಿಯು ಅಂಕಣದ ಮೇಲೆ ಒತ್ತಿದರೆ ಜಾಸ್ತಿ ತಿನ್ನುವುದು ಮೇಲೆ ಬರುತ್ತದೆ. ಸತ್ತ ಟ್ಯಾಬ್‌ನ ಮುಂದೆ 100ರ ಹತ್ತಿರದ ಸಂಖ್ಯೆ ಇದ್ದರೆ ಅದು ಸತ್ತಿಲ್ಲ, ಯಾವುದೋ ಸುತ್ತಿನಲ್ಲಿ ಸಿಕ್ಕಿ ಒಂದೇ ಸಮನೆ ದುಡಿಯುತ್ತಿದೆ. ಸೊನ್ನೆ ಇದ್ದರೆ ಏನಕ್ಕೋ ಕಾಯುತ್ತಿದೆ, ಬಹುಶಃ ನೆಟ್‌ವರ್ಕ್‌ಗೆ. ಸಬ್‌ಫ್ರೇಮ್ (ಪುಟದೊಳಗಿನ ಬೇರೆ ಸೈಟಿನ ತುಣುಕು) ಅಂತ ಬರೆದು ಯಾವುದೋ ಜಾಹೀರಾತು ಸೈಟಿನ ಹೆಸರಿರುವ ಸಾಲು ಮೇಲೆ ಕೂತಿದ್ದರೆ, ಅದೊಂದನ್ನೇ ಆರಿಸಿ ಮುಗಿಸಬಹುದು. ಪುಟದಲ್ಲಿ ಆ ಜಾಹೀರಾತಿನ ಚೌಕ ಮಾತ್ರ ಸಪ್ಪೆ ಮುಖ ಹಾಕಿಕೊಂಡು ಖಾಲಿಯಾಗುತ್ತದೆ. ಉಳಿದ ಪುಟ ಹಾಗೇ ನಿಮ್ಮ ಕೈಗೆ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲೂ ಇಂಥದೊಂದು ಪಟ್ಟಿ ಇದೆ, ಮೆನುವಿನಲ್ಲಿ ಮೋರ್ ಟೂಲ್ಸ್ ಒಳಗೆ ಸಿಗುತ್ತದೆ.

ಟ್ಯಾಬ್ ಕೊಲ್ಲುವ ಮುಂಚೆ ದಯವಿಟ್ಟು ಒಂದು ಕ್ಷಣ ಯೋಚಿಸಿ. ಉದ್ದದ ಅರ್ಜಿ ತುಂಬುತ್ತಿದ್ದರೆ ಟ್ಯಾಬ್ ಜೊತೆ ತುಂಬಿದ್ದೂ ಹೋಗುತ್ತದೆ. ‘ಪುಟ ಪ್ರತಿಕ್ರಿಯಿಸುತ್ತಿಲ್ಲ’ ಅನ್ನುವ ಪೆಟ್ಟಿಗೆ ಬಂದರೆ ಒಂದೆರಡು ಸಲ ‘ಕಾಯಿರಿ’ ಒತ್ತಿ. ಕಾಣುತ್ತಿರುವಷ್ಟನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪುಟ ಹ್ಯಾಂಗ್ ಆಗಿದ್ದರೂ ಸ್ಕ್ರೀನ್‌ಶಾಟ್ ಬರುತ್ತದೆ, ಅದು ಆಪರೇಟಿಂಗ್ ಸಿಸ್ಟಮ್‌ನ ಕೆಲಸ. ಹಣ ಕಟ್ಟುವ ಪುಟ ನಿಂತರೆ ರೀಲೋಡ್ ಮಾಡಬೇಡಿ. ಮೊದಲು ಬ್ಯಾಂಕಿನ ಮೆಸೇಜೋ, ಸ್ಟೇಟ್‌ಮೆಂಟೋ ನೋಡಿ, ಹಣ ಹೋಗಿದೆಯಾ ಅಂತ ಖಚಿತ ಮಾಡಿಕೊಂಡು ಮುಂದುವರಿಯಿರಿ.

ಅದೇ ಸೈಟ್ ಮತ್ತೆ ಮತ್ತೆ ಕೈ ಕೊಡುತ್ತಿದ್ದರೆ ಇನ್‌ಕಾಗ್ನಿಟೊ ವಿಂಡೋದಲ್ಲಿ ತೆರೆದು ನೋಡಿ. ಅಲ್ಲಿ ಎಕ್ಸ್‌ಟೆನ್ಶನ್‌ಗಳು ನೀವಾಗಿ ಅನುಮತಿ ಕೊಡದ ಹೊರತು ಓಡುವುದಿಲ್ಲ. ಹಳೆಯ ಕುಕಿಗಳೂ ಇರುವುದಿಲ್ಲ. ಅಲ್ಲಿ ಚೆನ್ನಾಗಿ ನಡೆದರೆ ತಪ್ಪು ಈ ಎರಡರಲ್ಲಿ ಒಂದರದು. ಯಾವುದು ಅಂತ ತಿಳಿಯಲು ಮಾಮೂಲಿ ವಿಂಡೋಗೆ ಬಂದು ಅರ್ಧ ಎಕ್ಸ್‌ಟೆನ್ಶನ್ ನಿಲ್ಲಿಸಿ ನೋಡಿ. ತೊಂದರೆ ಹೋದರೆ ನಿಲ್ಲಿಸಿದವುಗಳಲ್ಲಿ ಅಪರಾಧಿ ಇದೆ. ಅವುಗಳನ್ನು ಮತ್ತೆ ಅರ್ಧ ಮಾಡಿ. 16 ಎಕ್ಸ್‌ಟೆನ್ಶನ್ ಇದ್ದರೂ ನಾಲ್ಕೇ ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ. ಎಲ್ಲ ನಿಲ್ಲಿಸಿದರೂ ತೊಂದರೆ ಹಾಗೇ ಇದ್ದರೆ, ವಿಳಾಸದ ಎಡಗಡೆ ಇರುವ ಚಿಹ್ನೆ ಒತ್ತಿ ಆ ಒಂದು ಸೈಟಿನ ಡೇಟಾ ಮಾತ್ರ ಅಳಿಸಿ. ಒಂದು ಸೈಟ್ ಹಾಳಾಯಿತು ಅಂತ ಎಲ್ಲ ಸೈಟಿನ ಕುಕಿ ಅಳಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಇಡೀ ಬ್ರೌಸರ್ ನಿಂತರೆ

ಎಲ್ಲ ಟ್ಯಾಬ್‌ಗಳೂ ನಿಂತಿವೆ, ಮೆನು ಕೂಡ ತೆರೆಯುತ್ತಿಲ್ಲ ಅಂದರೆ ತಪ್ಪು ಪುಟದ್ದಲ್ಲ. ಎಲ್ಲರೂ ಹಂಚಿಕೊಳ್ಳುವ ಯಾವುದೋ ಭಾಗ ಕೆಟ್ಟಿದೆ. ಹೆಚ್ಚಾಗಿ ಅದು ಗ್ರಾಫಿಕ್ಸ್, ಅಂದರೆ ಸ್ಕ್ರೀನಿಗೆ ಚಿತ್ರ ಬಿಡಿಸುವ ಭಾಗ. ಸ್ಕ್ರೀನಿನಲ್ಲಿ ಕಪ್ಪು ಚೌಕಗಳು ಬರುವುದು, ವಿಡಿಯೋ ಹಾಕಿದಾಗಲೇ ನಿಲ್ಲುವುದು, ಮಿಣುಕುವುದು ಇದರ ಗುರುತು. ವಿಂಡೋಸ್‌ನಲ್ಲಿ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರರ ಜೊತೆ ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಒಂದು ಬೀಪ್ ಕೇಳಿ, ಸ್ಕ್ರೀನ್ ಒಮ್ಮೆ ಕಪ್ಪಾಗಿ ಬರುತ್ತದೆ. ಆಗ ಬ್ರೌಸರ್ ಜೀವ ಪಡೆದರೆ ಕಾರಣ ಸಿಕ್ಕಿತು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಭಾಗಕ್ಕೆ ಹೋಗಿ ಗ್ರಾಫಿಕ್ಸ್ ಆಕ್ಸಲರೇಶನ್ ಆಫ್ ಮಾಡಿ ಕೆಲವು ದಿನ ನೋಡಿ. ಆದರೆ ಅದನ್ನೇ ಖಾಯಂ ಮಾಡಬೇಡಿ. ಆಫ್ ಮಾಡಿದರೆ ಚಿತ್ರ ಬಿಡಿಸುವ ಭಾರವೆಲ್ಲ ಸಿಪಿಯು ಮೇಲೆ ಬಿದ್ದು ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಫ್ಯಾನ್ ಕೂಗುತ್ತದೆ. ಡ್ರೈವರ್ ಅಪ್‌ಡೇಟ್ ಮಾಡಿ ಮತ್ತೆ ಆನ್ ಮಾಡುವುದೇ ಸರಿಯಾದ ದಾರಿ. ಫೈರ್‌ಫಾಕ್ಸ್‌ನಲ್ಲಿ ಹೆಲ್ಪ್ ಮೆನುವಿನ ಟ್ರಬಲ್‌ಶೂಟ್ ಮೋಡ್ ಇದೆ. ಎಕ್ಸ್‌ಟೆನ್ಶನ್, ಥೀಮ್, ಗ್ರಾಫಿಕ್ಸ್ ಆಕ್ಸಲರೇಶನ್ ಎಲ್ಲವನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ ತೋರಿಸುತ್ತದೆ.

ಕೆಲವೊಮ್ಮೆ ನೀವು ಏನು ಮಾಡಿದರೂ ಉಪಯೋಗ ಇರುವುದಿಲ್ಲ. 2022ರ ಜನವರಿ 13ರಂದು ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಸುಮಾರು ಎರಡು ಗಂಟೆ ಕೆಲಸಕ್ಕೆ ಬಾರದಂತೆ ಆಯಿತು. ಯಾವ ಪುಟವೂ ತೆರೆಯುತ್ತಿರಲಿಲ್ಲ. ಎರಡೇ ದಿನ ಮುಂಚೆ 96ನೇ ಆವೃತ್ತಿ ಬಂದಿದ್ದರಿಂದ ಎಲ್ಲರ ಅನುಮಾನ ಅದರ ಮೇಲೆ. ನಿಜ ಬೇರೆಯೇ ಇತ್ತು. ಫೈರ್‌ಫಾಕ್ಸ್ ಬಳಕೆಯ ಅಂಕಿಅಂಶ ಕಳಿಸುವ ಸರ್ವರ್‌ಗಳ ಮುಂದೆ ನಿಂತಿದ್ದ ಕ್ಲೌಡ್ ವ್ಯವಸ್ಥೆಯಲ್ಲಿ ಎಚ್‌ಟಿಟಿಪಿ 3 ಅನ್ನುವ ಹೊಸ ಸಂಪರ್ಕ ವಿಧಾನ ತಾನಾಗಿ ಆನ್ ಆಗಿತ್ತು. ಆ ದಾರಿಯಲ್ಲಿ ಹೋಗುವಾಗ ಕಳಿಸುವ ಮಾಹಿತಿಯ ಉದ್ದ ಹೇಳುವ ಒಂದು ಹೆಡರ್ (ಮಾಹಿತಿಯ ಮುಂದೆ ಹೋಗುವ ಸಣ್ಣ ಚೀಟಿ) ಇಂಗ್ಲಿಷಿನ ಸ್ಮಾಲ್ ಲೆಟರ್‌ನಲ್ಲಿತ್ತು. ಫೈರ್‌ಫಾಕ್ಸ್‌ನ ಕೋಡ್ ಅದನ್ನು ಕ್ಯಾಪಿಟಲ್ ಲೆಟರ್‌ನಲ್ಲಿ ಹುಡುಕಿತು, ಸಿಗಲಿಲ್ಲ, ಕೊನೆಯಿಲ್ಲದ ಸುತ್ತಿಗೆ ಬಿತ್ತು. ಬ್ರೌಸರ್‌ನ ಎಲ್ಲ ನೆಟ್‌ವರ್ಕ್ ಕೆಲಸವೂ ಆ ಒಂದೇ ಥ್ರೆಡ್‌ನಲ್ಲಿ ನಡೆಯುವುದರಿಂದ ಉಳಿದದ್ದೆಲ್ಲ ನಿಂತಿತು. ಸರ್ವರ್ ಕಡೆ ಎಚ್‌ಟಿಟಿಪಿ 3 ಆಫ್ ಮಾಡಿದ ಮೇಲೆ ಸರಿಹೋಯಿತು. ಅಂದು ಕ್ಯಾಶ್ ಅಳಿಸಿದವರಿಗೂ, ಮತ್ತೆ ಇನ್‌ಸ್ಟಾಲ್ ಮಾಡಿದವರಿಗೂ ಆ ಶ್ರಮದಿಂದ ಏನೂ ಸಿಗಲಿಲ್ಲ. ಅದಕ್ಕೇ ಏನನ್ನೂ ಅಳಿಸುವ ಮುಂಚೆ ಇನ್ನೊಂದು ಬ್ರೌಸರ್‌ನಲ್ಲಿ ನೋಡಿ, ಗೆಳೆಯರೊಬ್ಬರನ್ನು ಕೇಳಿ. ಅವರಿಗೂ ಹಾಗೇ ಆಗಿದ್ದರೆ ಕಾಯಿರಿ.

ಬ್ರೌಸರ್ ಜೊತೆ ಕಂಪ್ಯೂಟರೂ ತೆವಳುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ನೋಡಿ. ಮೆಮೊರಿ ತುಂಬಿ, ಡಿಸ್ಕ್ 100 ಪರ್ಸೆಂಟ್ ತೋರಿಸುತ್ತಿದ್ದರೆ ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಡಿಸ್ಕ್‌ಗೆ ಸಾಗಿಸುವ ಕೆಲಸ ನಡೆಯುತ್ತಿದೆ. 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಇದು ದಿನನಿತ್ಯದ ಗೋಳು. ಬೇಡದ ಟ್ಯಾಬ್ ಮುಚ್ಚಿ, ಕ್ರೋಮ್‌ನ ಪರ್ಫಾರ್ಮೆನ್ಸ್ ಸೆಟ್ಟಿಂಗ್‌ನಲ್ಲಿ ಮೆಮೊರಿ ಸೇವರ್ ಆನ್ ಮಾಡಿ. ಖರ್ಚು ಮಾಡುವ ಹಾಗಿದ್ದರೆ ಹೊಸ ಲ್ಯಾಪ್‌ಟಾಪ್‌ಗಿಂತ ಮೊದಲು ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಹಾಕಿಸಿ. ಇನ್ನು ವಿಂಡೋಸ್ 7 ಅಥವಾ 8.1 ಇರುವ ಯಂತ್ರಗಳಿಗೆ 2023ರ ಜನವರಿಯ ಕ್ರೋಮ್ 109 ಕೊನೆಯದು. ಹೊಸ ಸೈಟ್‌ಗಳು ಅದರಲ್ಲಿ ಮುಗ್ಗರಿಸಿದರೆ ಯಾವ ಸೆಟ್ಟಿಂಗ್ ತಿರುವಿದರೂ ಪ್ರಯೋಜನವಿಲ್ಲ.

ಬೇಕಂತಲೇ ಹ್ಯಾಂಗ್ ಮಾಡುವ ಪುಟಗಳು

ಇದನ್ನು ಮನೆಯ ಹಿರಿಯರಿಗೆ ತಪ್ಪದೆ ಹೇಳಿ. ಏನೋ ಹುಡುಕುವಾಗ ದಿಢೀರನೆ ಸ್ಕ್ರೀನ್ ತುಂಬ ಒಂದು ಪುಟ ಬರುತ್ತದೆ. ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ ಅನ್ನುತ್ತದೆ. ಸೈರನ್ ಕೂಗುತ್ತದೆ. ಮುಚ್ಚುವ ಬಟನ್ ಕಾಣುವುದಿಲ್ಲ, ಸ್ಕ್ರೋಲ್ ಇಲ್ಲ, ಪೆಟ್ಟಿಗೆ ಮುಚ್ಚಿದಷ್ಟೂ ಮತ್ತೆ ಬರುತ್ತದೆ. ಕಂಪ್ಯೂಟರ್‌ಗೆ ಏನೂ ಆಗಿರುವುದಿಲ್ಲ. ಅದು ಬರೀ ಒಂದು ವೆಬ್ ಪುಟ. ಫುಲ್ ಸ್ಕ್ರೀನ್ ಮಾಡಿಕೊಂಡು ಹೆದರಿಸುತ್ತಿದೆ, ಅಷ್ಟೇ. ಆ ನಂಬರಿಗೆ ಕರೆ ಮಾಡಬೇಡಿ. ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ. ಎಸ್ಕೇಪ್ ಕೀ ಒಂದೆರಡು ಸೆಕೆಂಡ್ ಒತ್ತಿ ಹಿಡಿದರೆ ಫುಲ್ ಸ್ಕ್ರೀನ್ ಬಿಡುತ್ತದೆ, ಆಗ ಟ್ಯಾಬ್ ಮುಚ್ಚಬಹುದು. ಆಗದಿದ್ದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನೇ ನಿಲ್ಲಿಸಿ.

ಮತ್ತೆ ಬ್ರೌಸರ್ ತೆರೆದಾಗ ‘ಹಿಂದಿನ ಪುಟಗಳನ್ನು ಮರಳಿ ತರಬೇಕಾ’ ಅಂತ ಕೇಳಿದರೆ ಬೇಡ ಅನ್ನಿ. ಕೆಲವರ ಬ್ರೌಸರ್ ಕೇಳದೆಯೇ ಎಲ್ಲ ಟ್ಯಾಬ್ ತೆರೆಯುವಂತೆ ಸೆಟ್ ಆಗಿರುತ್ತದೆ. ಆಗ ಅದೇ ಪುಟ ಬಂದು ಮತ್ತೆ ಎಲ್ಲ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ವೈಫೈ ಆಫ್ ಮಾಡಿ ಬ್ರೌಸರ್ ತೆರೆಯಿರಿ. ಟ್ಯಾಬ್‌ಗಳೆಲ್ಲ ಬರುತ್ತವೆ, ಒಳಗಿನ ಪುಟಗಳು ಲೋಡ್ ಆಗುವುದಿಲ್ಲ. ಕೆಟ್ಟ ಟ್ಯಾಬ್ ಹುಡುಕಿ ಮುಚ್ಚಿ, ಆಮೇಲೆ ವೈಫೈ ಆನ್ ಮಾಡಿ. ಬರೀ ಭಾರದಿಂದ ಹ್ಯಾಂಗ್ ಆಗುವ ಪುಟಕ್ಕೂ ಇದೇ ಉಪಾಯ ನಡೆಯುತ್ತದೆ, ತೆರೆದಿಟ್ಟ ಉಳಿದ ಟ್ಯಾಬ್‌ಗಳೂ ಉಳಿಯುತ್ತವೆ.